ಮೂವತ್ತೆಂಟು

ಪಕೀರಬ್ಬನ ಮೆಸೇಜು ಬಂದಾಗ ಅಪೊಲೋನಿಯಾಳಿಗೆ ಮೊದಲು ಆದದ್ದು ಕಿರಿಕಿರಿ. ಆಮೇಲೆ ಎಷ್ಟು ಸಲ ಅದನ್ನು ಬೇರೆ ಥರ ನೆನಪಿಸಿಕೊಳ್ಳಲು ನೋಡಿದರೂ ಆಗಲಿಲ್ಲ, ಆದದ್ದು ಕಿರಿಕಿರಿಯೇ. ರಂಜಾನ್ ತಿಂಗಳಾದ್ದರಿಂದ ಆಫೀಸು ಮೂರಕ್ಕೇ ಮುಗಿದಿತ್ತು. ಈದ್ ಕಳೆದ ಕೂಡಲೇ ಪ್ರಕಟವಾಗಬೇಕಾದ, ಆರೋಗ್ಯದ ಆಪ್‌ಗಳಿಗೆ ಅಂಕ ಕೊಡುವ ಪಟ್ಟಿಯಲ್ಲಿ ಇನ್ನೂ ಒಂಬತ್ತು ಬಾಕಿ ಇದ್ದವೆಂದು ಅವಳೂ ಸಹೋದ್ಯೋಗಿ ವೆಂಕಟರಾಮುವೂ ಉಳಿದಿದ್ದರು. ಬಸುರಿಯರಿಗೆಂದು ಮಾಡಿದ ಆಪ್ ಒಂದರ ಬಣ್ಣಗಳಿಗೆ ಐದರಲ್ಲಿ ಮೂರು ಕೊಡುವುದೋ ನಾಲ್ಕು ಕೊಡುವುದೋ ಎಂದು ಅವಳು ಕೂತಿದ್ದಾಗ ಫೋನು ಗುಂಯ್ ಅಂದಿತು. ದೋಹಾದ ನಜ್ಮಾ ಬಡಾವಣೆಯ ಟೈಲರ್ ಪಕೀರಬ್ಬ ದಿನಕ್ಕೊಂದು ಸ್ಕ್ರೀನ್‌ಶಾಟ್ ಕಳಿಸುತ್ತಾನೆ, ತನ್ನ ರಕ್ತದ ಸಕ್ಕರೆ ಇವತ್ತು ಎಷ್ಟು, ಆಪ್ ಏನು ಹೇಳಿತು ಎಂದು. ಅವಳು ಹೆಬ್ಬೆರಳೆತ್ತಿದ ಗುರುತೊಂದನ್ನು ವಾಪಸು ಹಾಕುತ್ತಾಳೆ. ಅವನಿಗೆ ಅಷ್ಟು ಸಾಕು, ಸ್ಲೇಟಿಗೆ ರೈಟು ಹಾಕಿಸಿಕೊಂಡವನ ಹಾಗೆ ಮರುದಿನದ ತನಕ ಸುಮ್ಮನಿರುತ್ತಾನೆ. ಇವತ್ತೂ ಹೆಬ್ಬೆರಳು ಹಾಕಿ ಫೋನನ್ನು ಕವುಚಿಟ್ಟು, ಬಣ್ಣಗಳಿಗೆ ನಾಲ್ಕು ಕೊಟ್ಟಳು. ಆಗ ಗಂಟೆ ನಾಲ್ಕೂ ನಲವತ್ತು.

ಒಂಬತ್ತು ನಿಮಿಷ ಕಳೆದು ಫೋನು ಮತ್ತೆ ಗುಂಯ್ ಅಂದಾಗ ಬೇಸರದಿಂದಲೇ ಎತ್ತಿದಳು. ಎಂದೂ ಹಸಿರಾಗಿರುವ ಚಿತ್ರ ಇವತ್ತು ಕೆಂಪಾಗಿತ್ತು. ನಡುವೆ ದಪ್ಪಕ್ಷರದಲ್ಲಿ ಮೂವತ್ತೆಂಟು. ಅದರ ಕೆಳಗೆ, ಸಕ್ಕರೆ ಅತಿ ಹೆಚ್ಚು, ಎಂಟು ಯೂನಿಟ್ ಇನ್ಸುಲಿನ್ ತೆಗೆದುಕೊಳ್ಳಿ. ಅದರ ಕೆಳಗೆ ಅವಳೇ ಹಾಕಿದ ಹಳದಿ ಹೆಬ್ಬೆರಳು. ಅದರ ಕೆಳಗೆ ಅವನ ಧ್ವನಿ. “ಬಾಯೀ, ಇವತ್ತು ಸಕ್ಕರೆ ಜೋರುಂಟು ಮಾರಾಯ್ರೆ. ಎಲೆ ಕೆಂಪಾಗಿದೆ. ಕೈ ಸ್ವಲ್ಪ ನಡುಗ್ತದೆ, ಬೆವರು ಬರ್ತಾ ಉಂಟು. ನೀವು ಓಕೆ ಹಾಕಿದ್ದೀರಲ್ಲ, ಹಾಗಾದ್ರೆ ಎಂಟು ಯೂನಿಟ್ ಹಾಕ್ತೇನೆ ಆಯ್ತಾ?” ಅವಳು ಊರಿನ ಕ್ರಿಶ್ಚಿಯನ್ ಹೆಂಗಸು, ಹಾಗಾಗಿ ಪಕೀರಬ್ಬನಿಗೆ ಬಾಯಿ; ಆಪಿನ ಗುರುತು ಒಂದು ಎಲೆ, ಹಾಗಾಗಿ ಅವನಿಗೆ ಅದು ಎಲೆ. ಧ್ವನಿಯಲ್ಲಿ ಒಂದೊಂದು ಮಾತಿನ ನಡುವೆಯೂ ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಜಾಗವಿತ್ತು.

ಇಲ್ಲಿಯ ಆಸ್ಪತ್ರೆಗಳಲ್ಲಿ ಸಕ್ಕರೆಯ ಅಳತೆ ಬೇರೆ, ಊರಿನದು ಬೇರೆ. ಇಲ್ಲಿ ಐದು, ಏಳು, ಹನ್ನೊಂದು ಎನ್ನುತ್ತಾರೆ. ಊರಿನಲ್ಲಿ ತೊಂಬತ್ತು, ನೂರಮೂವತ್ತು, ಇನ್ನೂರು. ಇಲ್ಲಿಯ ಒಂದು ಅಂದರೆ ಊರಿನ ಹದಿನೆಂಟು. ಪಕೀರಬ್ಬನ ಮೀಟರು ಊರಿನದು. ನಜ್ಮಾದ ರೂಮುಗಳಲ್ಲಿ ಎಲ್ಲರದೂ ಊರಿನದೇ. ರಜೆಗೆ ಹೋದವರು ಬರುವಾಗ ಹಲ್ವ, ಒಣಮೀನಿನ ಸಂಗಡ ಸಕ್ಕರೆ ನೋಡುವ ಪಟ್ಟಿಗಳ ಡಬ್ಬಿಗಳನ್ನೂ ಕಟ್ಟಿಕೊಂಡು ಬರುತ್ತಾರೆ. ಅಂದರೆ ಇದು ಊರಿನ ಮೂವತ್ತೆಂಟು. ಅತಿ ಹೆಚ್ಚಲ್ಲ, ಅತಿ ಕಡಿಮೆ. ಅಷ್ಟು ಇಳಿದರೆ ಮನುಷ್ಯನ ಮಾತು ತೊದಲುತ್ತದೆ, ಕಣ್ಣು ಕತ್ತಲಾಗುತ್ತದೆ. ಅವನಿಗೆ ಕೂಡಲೇ ಕೊಡಬೇಕಾದ್ದು ಸಕ್ಕರೆ. ಅದರ ಮೇಲೆ ಎಂಟು ಯೂನಿಟ್ ಇನ್ಸುಲಿನ್ ಹಾಕುವುದೂ ಒಂದೇ, ಕುತ್ತಿಗೆ ಹಿಸುಕುವುದೂ ಒಂದೇ. ಹನ್ನೊಂದು ವರ್ಷ ಮಂಗಳೂರಿನ ವಾರ್ಡುಗಳಲ್ಲಿ ನರ್ಸಾಗಿದ್ದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಾಗಿದ್ದೂ ಅವಳು ಹೆಬ್ಬೆರಳು ಹಾಕಿದ್ದಳು.

ಫೋನು ಮಾಡಿದಳು. ಎತ್ತಲಿಲ್ಲ. ಮತ್ತೆ ಮಾಡಿದಳು. ವೆಂಕಟರಾಮು ಅವಳ ಮುಖ ನೋಡಿ ಎದ್ದು ಬಂದು, ಪರದೆ ನೋಡಿ ತನ್ನ ಫೋನಿನಲ್ಲಿ ಅದೇ ಆಪ್ ತೆರೆದ. ಅವನು ಮೈಸೂರಿನ ಕಡೆಯವನು, ಫಾರ್ಮಸಿ ಓದಿದವನು, ಲೆಕ್ಕದಲ್ಲಿ ಚುರುಕು. ನಲವತ್ತೊಂದು ಎಂದು ಒತ್ತಿದ. ತುಂಬ ಕಡಿಮೆ, ಕೂಡಲೇ ಸಕ್ಕರೆ ತಿನ್ನಿ, ಎಂದಿತು ಆಪ್. ಮೂವತ್ತೊಂಬತ್ತು ಎಂದು ಒತ್ತಿದ. ಅತಿ ಹೆಚ್ಚು, ಇನ್ಸುಲಿನ್ ತೆಗೆದುಕೊಳ್ಳಿ, ಎಂದಿತು. “ಅಯ್ಯೋ ಮೇಡಂ. ನಲ್ವತ್ತರ ಕೆಳಗೆ ಯಾವ ನಂಬರ್ ಬಂದ್ರೂ ಇಲ್ಲಿನ ಅಳತೆ ಅಂತ ತಾನೇ ಅಂದ್ಕೊಂಡ್ಬಿಡತ್ತೆ ಇದು,” ಎಂದ. ಬೆರಳನ್ನು ಬಿಸಿ ಪಾತ್ರೆಯಿಂದ ತೆಗೆದವನ ಹಾಗೆ ಫೋನಿನಿಂದ ತೆಗೆದ. ಆ ಆಪ್‌ಗೆ ನಾಲ್ಕು ಪಾಯಿಂಟ್ ಆರು ಅಂಕ ಕೊಟ್ಟವರು ಅವರಿಬ್ಬರೇ. ಅಳತೆಯನ್ನು ತಾನೇ ಕಂಡುಹಿಡಿಯುವ ಜಾಣತನಕ್ಕೆಂದು ಐದರಲ್ಲಿ ಐದು.

ಲಿಫ್ಟಿನ ತನಕ ಅವನು ಅವಳ ಹಿಂದೆಯೇ ಓಡಿಬಂದ. “ನೀವು ಹೋಗಿ ಮೇಡಂ, ಮೊದ್ಲು ಹೋಗಿ. ನಾನು ಇಲ್ಲಿಂದ ಅವ್ರಿಗೆ ಫೋನ್ ಮಾಡ್ತಾನೇ ಇರ್ತೀನಿ.” ನಂಬರು ಬರೆದುಕೊಂಡ. ಲಿಫ್ಟಿನ ಬಾಗಿಲು ತೆರೆದಾಗ ಅದನ್ನು ಕೈಯಲ್ಲಿ ತಡೆದು ನಿಂತು, ಧ್ವನಿ ತಗ್ಗಿಸಿದ. “ಅಲಿ ಸರ್‌ಗೆ ಮಾತ್ರ ಈಗ್ಲೇ ಏನೂ ಹೇಳಕ್ಕೋಗ್ಬೇಡಿ. ಈದ್ ಆದ್ಮೇಲೆ ರೀಚೆಕ್ ಮಾಡ್ವಾಗ ಸಿಕ್ತು ಅಂತ ಇಬ್ರೂ ಸೇರಿ ಬರೆಯೋಣ. ನನ್ ರೆಸಿಡೆನ್ಸಿ ರಿನ್ಯೂವಲ್ ಈ ತಿಂಗ್ಳು ಮೇಡಂ.” ಅವನ ಮೇಲೆ ಅವಳಿಗೆ ಅಸಹ್ಯವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ರೀಚೆಕ್ ಎಂಬ ಮಾತು ಅವಳ ಮನಸ್ಸಿನಲ್ಲಿ ಅವನಿಗಿಂತ ಮೊದಲೇ ಬಂದು ಕೂತಿತ್ತು.

ಕೆಳಗಿಳಿದು ಬಿಸಿಲಿಗೆ ಬಂದಾಗ ಅವಳ ಹೆಬ್ಬೆರಳು ತಾನಾಗಿ ಒಂಬತ್ತನ್ನು ಒತ್ತಿತು, ಇನ್ನೊಂದು ಒಂಬತ್ತನ್ನು ಒತ್ತಿತು, ಮೂರನೆಯದರ ಮೇಲೆ ನಿಂತಿತು. ಆಂಬುಲೆನ್ಸಿನವರು ಮನೆಯ ಮುಂದಿನ ನೀಲಿ ಫಲಕದ ನಂಬರುಗಳನ್ನು ಕೇಳುತ್ತಾರೆ. ವಲಯ ಯಾವುದು, ಬೀದಿ ಯಾವುದು, ಕಟ್ಟಡ ಯಾವುದು. ಅವಳಿಗೆ ಗೊತ್ತಿದ್ದದ್ದು ಮಸೀದಿಯ ಹಿಂದಿನ ಗಲ್ಲಿ, ಮಿಠಾಯಿ ಅಂಗಡಿಯಿಂದ ಮೂರನೆಯ ಬಾಗಿಲು, ಇಷ್ಟೇ. ಫಲಕದ ನಂಬರು ಗೊತ್ತಿಲ್ಲ, ಅಲ್ಲಿಗೆ ಹೋಗಿ ನೋಡಿಯೇ ಕರೆಯುತ್ತೇನೆ, ಎಂದು ಫೋನನ್ನು ಬ್ಯಾಗಿಗೆ ಹಾಕಿದಳು. ಇದು ನಿಜ. ಆದರೆ ಮೊದಲು ಬಂದ ಯೋಚನೆ ಇದಲ್ಲ. ಆಂಬುಲೆನ್ಸಿನವರು ತುಂಬುವ ಕಾಗದದಲ್ಲಿ ಆಪಿನ ಹೆಸರು ಬರುತ್ತದೆ, ಮೊದಲು ಬಂದದ್ದು ಅದು. ನಂಬರಿನ ನೆಪ ಅದರ ಹಿಂದೆ ಓಡುತ್ತ ಬಂದು ಸೇರಿಕೊಂಡದ್ದು. ಇಂಥವಳೇ ನಾನು, ಎಂದು ಮೆಟ್ರೋದ ಎಸ್ಕಲೇಟರಿನಲ್ಲಿ ನಡೆದು ಇಳಿಯುತ್ತ ಅವಳು ಬಾಯಿ ಬಿಟ್ಟೇ ಅಂದುಕೊಂಡಳು. ಮುಂದಿನ ಮೆಟ್ಟಿಲಿನ ಫಿಲಿಪಿನೋ ಹುಡುಗಿ ತಿರುಗಿ ನೋಡಿದಳು.

ರೈಲು ಬರಲು ಮೂರು ನಿಮಿಷವಿತ್ತು. ಬಂತು. ಹತ್ತಿ ಬಾಗಿಲಿಗೆ ಒರಗಿ ನಿಂತಳು, ಸೀಟು ಖಾಲಿ ಇದ್ದರೂ ಕೂರಲಾಗಲಿಲ್ಲ. ವೆಸ್ಟ್ ಬೇ, ಕಾರ್ನಿಶ್, ಎಂದು ಹೆಣ್ಣುದನಿಯೊಂದು ಅರಬಿಯಲ್ಲೂ ಇಂಗ್ಲಿಷಿನಲ್ಲೂ ನಿಧಾನಕ್ಕೆ ಹೇಳುತ್ತಿತ್ತು. ಅಷ್ಟು ನಿಧಾನ ಯಾಕೆ ಎಂದು ಸಿಟ್ಟು ಬಂತು. ನವೆಂಬರಿನಲ್ಲಿ ಅವರಿಬ್ಬರೂ ಆ ಆಪ್ ತೂಗಿದ ದಿನ ಪ್ಯಾಂಟ್ರಿಯಲ್ಲಿ ಕರಕ್ ಚಹಾ ಇತ್ತು, ವೆಂಕಟರಾಮುವಿನ ಹೆಂಡತಿ ಕಳಿಸಿದ ಕೋಡುಬಳೆ ಇತ್ತು. ನಿಯಮದ ಪ್ರಕಾರ ಅವರಿಬ್ಬರೂ ಬೇರೆ ಬೇರೆ ಕೂತು, ಒಬ್ಬರಿಗೊಬ್ಬರು ತೋರಿಸದೆ ಅಂಕ ಕೊಡಬೇಕು. ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಅದು ಮಂಗಳವಾರ ಬರುವ ಡಾಕ್ಟರರ ಮುಂದೆ ಹೋಗುತ್ತದೆ. ಆ ಡಾಕ್ಟರು ಒಮ್ಮೆ ಎಲ್ಲರೆದುರಿಗೆ ಅವಳ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ, ಆಫೀಸಿನವರು ಮೊಟಕು ಮಾಡಿದ ಹೆಸರು ಹಿಡಿದು, ಪಾಲಿ, ನೀನು ಇಲ್ಲಿ ಲೈಸೆನ್ಸ್ ಇರುವ ನರ್ಸ್ ಹೌದೋ ಅಲ್ಲವೋ, ಎಂದು ಕೇಳಿದ್ದರು. ಅಲ್ಲ. ಮೂರು ಸಲ ಪರೀಕ್ಷೆ ಬರೆದಿದ್ದಳು, ಕೊನೆಯ ಸಲ ಒಂಬತ್ತು ಅಂಕಕ್ಕೆ ತಪ್ಪಿತ್ತು. ರೋಗಿಯನ್ನು ಮುಟ್ಟಲು ಅವಳಿಗೆ ಈ ದೇಶದಲ್ಲಿ ಪರವಾನಗಿ ಇಲ್ಲ. ಸಾವಿರಾರು ರೋಗಿಗಳು ಮುಟ್ಟುವ ಆಪ್‌ಗಳಿಗೆ ಅಂಕ ಕೊಡುವುದಕ್ಕೆ ಯಾವ ಪರವಾನಗಿಯೂ ಬೇಡ. ಆ ಮಂಗಳವಾರದ ಮೇಲೆ ಅವಳೂ ವೆಂಕಟರಾಮುವೂ ಕನ್ನಡದಲ್ಲಿ ಕೇಳಿಕೊಳ್ಳತೊಡಗಿದರು. ಹದಿನೇಳಕ್ಕೆ ನೀವೆಷ್ಟು ಮೇಡಂ? ಐದು. ಸರಿ, ನಾನೂ ಐದು. ಇಡೀ ಮಹಡಿಯಲ್ಲಿ ಕನ್ನಡ ತಿಳಿದ ಮೂರನೆಯವರು ಇರಲಿಲ್ಲ. ವರ್ಷದ ಕೊನೆಯ ಮೀಟಿಂಗಿನಲ್ಲಿ ಮ್ಯಾನೇಜರ್ ಅಲಿ ಎಲ್ಲ ಜೋಡಿಗಳ ಹೊಂದಾಣಿಕೆಯನ್ನು ಗೋಡೆಯ ಮೇಲೆ ತೋರಿಸಿ, ನಮ್ಮಲ್ಲಿ ಅತ್ಯಂತ ನಂಬಿಕೆಯ ಜೋಡಿ, ಎಂದು ಅವರಿಬ್ಬರಿಗೆ ಚಪ್ಪಾಳೆ ಹೊಡೆಸಿದ. ಅವಳೂ ಚಪ್ಪಾಳೆ ಹೊಡೆದಿದ್ದಳು.

ಹದಿನೇಳನೆಯ ಪ್ರಶ್ನೆ, ಅಪಾಯಕಾರಿ ಸಂಖ್ಯೆಗಳನ್ನು ಆಪ್ ಸರಿಯಾಗಿ ಗುರುತಿಸುತ್ತದೆಯೇ. ಅವಳು ಹಾಕಿ ನೋಡಿದ್ದು ತೊಂಬತ್ತೆಂಟು, ನೂರನಲವತ್ತೆರಡು, ಇನ್ನೂರಹತ್ತು, ಏಳು, ಹನ್ನೊಂದು. ಕಂಪನಿಯವರೇ ಕಳಿಸಿದ ಮಾದರಿ ಹಾಳೆಯಲ್ಲಿ ಇದ್ದ ಸಂಖ್ಯೆಗಳು. ಎಲ್ಲಕ್ಕೂ ಸರಿಯಾದ ಉತ್ತರ ಬಂದಿತ್ತು. ಮೂವತ್ತೆಂಟು ಹಾಕಿ ನೋಡಬೇಕೆಂದು ಅನ್ನಿಸಲಿಲ್ಲವೇ? ಅನ್ನಿಸಿತ್ತು. ಇದೇ ಈಗ ರೈಲಿನ ಗಾಜಿನಲ್ಲಿ ತನ್ನ ಮುಖ ನೋಡುತ್ತ ನಿಂತವಳಿಗೆ ತಡೆದುಕೊಳ್ಳಲಾಗದ್ದು. ಒಂದು ಸಣ್ಣ ಸಂಶಯ, ತುಂಬ ಕಡಿಮೆ ಇದ್ದದ್ದನ್ನೂ ಒಮ್ಮೆ ನೋಡಬೇಕಿತ್ತಲ್ಲ ಎಂದು, ಬಂದಿತ್ತು. ಆಗ ವೆಂಕಟರಾಮು ಕೋಡುಬಳೆಯ ಡಬ್ಬಿಯನ್ನು ಅವಳತ್ತ ದೂಡಿದ್ದ. ದಿನವೂ ಸರಿ ಹೇಳುವ, ಮನುಷ್ಯನ ಅತಿ ಕೆಟ್ಟ ದಿನ ಮಾತ್ರ ತಪ್ಪು ಹೇಳುವ ಆ ಆಪನ್ನು ಅವಳೇ ಡಿಸೆಂಬರಿನಲ್ಲಿ ಪಕೀರಬ್ಬನ ಫೋನಿಗೆ ಹಾಕಿಕೊಟ್ಟಿದ್ದಳು. ಅವನು ಬೇಡವೆಂದಿದ್ದ. ಪುಸ್ತಕದಲ್ಲಿ ಬರೆದಿಡುತ್ತೇನೆ, ಅಷ್ಟು ಸಾಕು, ಅಂದಿದ್ದ. ನಾನು ನೋಡಿ ಪಾಸ್ ಮಾಡಿದ್ದು ಪಕೀರಾಕ, ಎಂದು ಅವಳು ಒತ್ತಾಯ ಮಾಡಿದ್ದಳು, ಸ್ವಲ್ಪ ಜಂಬದಿಂದಲೇ.

ಆ ಜಂಬಕ್ಕೂ ಕಾರಣವಿತ್ತು. ಒಂಬತ್ತು ವರ್ಷದ ಹಿಂದೆ ದೋಹಾಕ್ಕೆ ಬಂದ ಹೊಸದರಲ್ಲಿ ಅವಳು ಎರಡು ಬಿಳಿ ಯೂನಿಫಾರ್ಮ್ ಹೊಲಿಸಲು ಅವನ ಅಂಗಡಿಗೆ ಹೋಗಿದ್ದಳು. ಪರೀಕ್ಷೆ ಮುಗಿದು ಕೆಲಸ ಸಿಕ್ಕೇ ಬಿಟ್ಟಿತು ಎಂಬ ಧೈರ್ಯ. ಅವನು ತುಳುವಿನಲ್ಲಿ ಊರು ಕೇಳಿ, ಕಿಸೆಯ ಮೇಲೆ ಗಡಿಯಾರ ಸಿಕ್ಕಿಸಲು ಒಂದು ಪಟ್ಟಿಯನ್ನೂ ಇಟ್ಟು ಹೊಲಿದುಕೊಟ್ಟ. ಆ ಬಿಳಿ ಬಟ್ಟೆಗಳು ಉಮ್ಮ್ ಸಲಾಲಿನ ಅವಳ ಮನೆಯ ಕಪಾಟಿನಲ್ಲಿ ಪ್ಲಾಸ್ಟಿಕ್ಕಿನೊಳಗೇ ಇವೆ. ಅವನು ಅದರ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಈಗಲೂ ಗಿರಾಕಿಗಳ ಮುಂದೆ, ಇವರು ನಮ್ಮ ನರ್ಸ್ ಬಾಯಿ, ಎಂದೇ ಪರಿಚಯ ಮಾಡಿಕೊಡುತ್ತಾನೆ. ಈ ದೇಶದಲ್ಲಿ ಅವಳನ್ನು ನರ್ಸ್ ಎಂದು ಕರೆಯುವವನು ಅವನೊಬ್ಬನೇ. ಅವನು ಸತ್ತರೆ, ಎಂಬಲ್ಲಿಗೆ ಯೋಚನೆ ಬಂದು ಮುಗ್ಗರಿಸಿತು. ಅಷ್ಟರಲ್ಲಿ ದೋಹಾ ಜದೀದಾ ಸ್ಟೇಷನ್ ಬಂತು.

ಐದೂ ಹನ್ನೆರಡು. ಗಲ್ಲಿಯಲ್ಲಿ ಸಮೋಸ ಕರಿಯುವ ಎಣ್ಣೆಯ ವಾಸನೆ, ಮಸೀದಿಯ ಅಂಗಳದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಊಟದ ಪೊಟ್ಟಣಗಳನ್ನು ಸಾಲಾಗಿ ಇಡುತ್ತಿದ್ದರು. ಉಪವಾಸದ ನೋಂಬು ಮುಗಿಸುವ ಬಾಂಗಿಗೆ ಇನ್ನೂ ಅರ್ಧ ಗಂಟೆಯಿದ್ದರೂ ಜನ ಬಂದು ಕೂತಾಗಿತ್ತು, ತಿನ್ನುವುದರ ಮುಂದೆ ತಿನ್ನದೆ. ಅವಳು ಅವರ ನಡುವಿನಿಂದ ಓಡಿದಳು. ಐವತ್ತು ಹತ್ತಿರವಾದ ಹೆಂಗಸು ಚಪ್ಪಲಿ ಕೈಯಲ್ಲಿ ಹಿಡಿದು ಓಡುವುದನ್ನು ನೋಡಲು ಒಂದಿಬ್ಬರು ಎದ್ದೂ ನಿಂತರು. ಮಿಠಾಯಿ ಅಂಗಡಿಯಿಂದ ಮೂರನೆಯ ಬಾಗಿಲಿನ ಷಟರು ಅರ್ಧ ಇಳಿದಿತ್ತು. ಒಳಗಿನಿಂದ ಮಿಷನ್ನಿನ ಶಬ್ದ ಬರುತ್ತಿರಲಿಲ್ಲ. ದೇವರೇ, ಎಂದು ಬಗ್ಗಿ ಒಳಗೆ ನುಗ್ಗಿದಳು.

ಪಕೀರಬ್ಬ ಮಿಷನ್ನಿನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ. ಕತ್ತಿನಲ್ಲಿ ಅಳತೆಯ ಟೇಪು, ತೊಡೆಯ ಮೇಲೆ ಅರ್ಧ ಹೊಲಿದ ತೋಬು, ಅರಬರು ತೊಡುವ ಬಿಳಿ ನಿಲುವಂಗಿ. ಏ.ಸಿ. ತಣ್ಣಗೆ ಊದುತ್ತಿದ್ದರೂ ಅಂಗಿಯ ಕಾಲರು ಒದ್ದೆಯಾಗಿ ಕುತ್ತಿಗೆಗೆ ಅಂಟಿತ್ತು. ಮೇಜಿನ ಮೇಲೆ ಕತ್ತರಿಯ ಪಕ್ಕದಲ್ಲಿ ಇನ್ಸುಲಿನ್ ಪೆನ್ನು, ಸೂಜಿ ಸಿಕ್ಕಿಸಿ ಸಿದ್ಧವಾಗಿತ್ತು. ಅವನು ಅವಳನ್ನು ಗುರುತಿಸಲು ಒಂದು ಗಳಿಗೆ ತೆಗೆದುಕೊಂಡ.

“ಬಾಯಿ! ಬನ್ನಿ, ಬನ್ನಿ. ಇಫ್ತಾರಿಗೆ ಕರೆಯದೆ ಬಂದ್ರಿ, ಒಳ್ಳೇದಾಯ್ತು.”

“ಇಂಜೆಕ್ಷನ್ ಹಾಕಿದ್ರಾ ಪಕೀರಾಕ? ಫೋನ್ ಯಾಕೆ ಎತ್ತುದಿಲ್ಲ?”

“ಫೋನ್ ಒಳಗೆ ಚಾರ್ಜಿಗುಂಟು. ಇಂಜೆಕ್ಷನ್ ಬಾಂಗ್ ಆದ ಮೇಲೆ. ನೋಂಬಿನಲ್ಲಿ ಹಾಕಿದ್ರೂ ತೊಂದರೆ ಇಲ್ಲ ಅಂತ ಉಸ್ತಾದ್ರು ಹೇಳಿದ್ದಾರೆ. ಆದ್ರೂ ನಂಗೆ ಮನಸ್ಸು ಬರುದಿಲ್ಲ. ಬಾಂಗ್ ಕೊಟ್ಟ ಕೂಡಲೇ ಮೊದ್ಲು ಸೂಜಿ, ಆಮೇಲೆ ಖರ್ಜೂರ.”

ಹಾಕಿಲ್ಲ. ಹಾಕಿಲ್ಲ. ಅವಳು ಪೆನ್ನನ್ನು ಎತ್ತಿ ಸೂಜಿ ಕಳಚಿ ತನ್ನ ಬ್ಯಾಗಿಗೆ ಹಾಕಿಕೊಂಡಳು. ಮೂಲೆಯಲ್ಲಿ ಇಫ್ತಾರಿಗೆಂದು ಇಟ್ಟಿದ್ದ ಸಕ್ಕರೆಯ ಡಬ್ಬಿ ಕಂಡಿತು. ಲೋಟಕ್ಕೆ ನೀರು ಸುರಿದು ನಾಲ್ಕು ಚಮಚ ಸಕ್ಕರೆ ಕದಡಿ ಅವನ ಮುಂದೆ ಹಿಡಿದಳು. “ಕುಡಿಯಿರಿ. ಈಗಲೇ. ನೋಂಬು ಬಿಡ್ಬೇಕು.”

ಅವನು ನಕ್ಕ. ನಗು ಮುಖದ ಒಂದೇ ಬದಿಯಲ್ಲಿ ಬಂತು. “ಸಕ್ಕರೆ ಜೋರಿದ್ದವನಿಗೆ ಸಕ್ಕರೆ ನೀರಾ? ಎಂತ ಬಾಯಿ ನೀವು. ಇನ್ನು ಇಪ್ಪತ್ತಮೂರು ನಿಮಿಷ ಉಂಟು. ಮೂವತ್ತಾರು ವರ್ಷ ಆಯ್ತು ಈ ದೇಶಕ್ಕೆ ಬಂದು, ಒಂದು ನೋಂಬು ಬಿಟ್ಟವ ಅಲ್ಲ ನಾನು.”

“ಜೋರಿಲ್ಲ ಪಕೀರಾಕ. ಇಳಿದುಬಿಟ್ಟಿದೆ. ಆಪ್ ತಪ್ಪು ಹೇಳಿದ್ದು.”

“ಹೇಗೆ ತಪ್ಪು ಹೇಳ್ತದೆ? ನೀವು ಐದರಲ್ಲಿ ಐದು ಕೊಟ್ಟದ್ದಲ್ವಾ ಅದಕ್ಕೆ? ಆಗ ಓಕೆಯೂ ಹಾಕಿದ್ರಿ.”

“ಮೊನ್ನೆ ಅದಕ್ಕೊಂದು ಅಪ್‌ಡೇಟ್ ಬಂತು. ಅದರಲ್ಲಿ ಎಂತದೋ ಹಾಳಾಗಿದೆ.” ಹೇಳಿ ಮುಗಿಯುವಷ್ಟರಲ್ಲಿ ಅವಳಿಗೇ ಆಶ್ಚರ್ಯವಾಯಿತು. ಒಬ್ಬ ಮನುಷ್ಯ ಎದುರಿಗೆ ಬೆವರುತ್ತ ಕೂತಿರುವಾಗಲೂ ನಾಲಗೆ ಎಷ್ಟು ಸಲೀಸಾಗಿ ತನ್ನನ್ನು ಉಳಿಸಿಕೊಳ್ಳುವ ಮಾತನ್ನೇ ಹುಡುಕಿತು.

“ಹಾಗಾದ್ರೆ ನಾಳೆ ಸರಿ ಆಗ್ತದೆ,” ಎಂದ ಪಕೀರಬ್ಬ. ತೋಬಿನ ಅಂಚನ್ನು ಮಿಷನ್ನಿನ ಸೂಜಿಯ ಕೆಳಗೆ ತಂದ. ಅದು ಜಾರಿತು. ಮತ್ತೆ ತಂದ, ಮತ್ತೆ ಜಾರಿತು. “ಇಪ್ಪತ್ತೆರಡು ನಿಮಿಷ ಬಾಯಿ. ಅಷ್ಟರೊಳಗೆ ಎಂತ ಆಗ್ತದೆ?”

ಏನಾಗುತ್ತದೆ ಎಂದು ಅವಳು ವಾರ್ಡಿನಲ್ಲಿ ನೋಡಿದ್ದಳು. ಆದರೆ ಅದನ್ನು ಹೇಳಿ ಹೆದರಿಸಿದರೂ ಇವನು ಕೇಳುವವನಲ್ಲ. ಪ್ರಾಣಕ್ಕೆ ಅಪಾಯ ಬಂದರೆ ನೋಂಬು ಬಿಡಬಹುದು ಎಂದು ಅವನಿಗೂ ಗೊತ್ತು, ಅದಕ್ಕೆ ತಿಳಿದವರು ಹೇಳಬೇಕು, ತಿಳಿದವರು ಅಂದರೆ ಅವನಿಗೆ ಅವಳೇ. ಅವಳು ಐದಕ್ಕೆ ಐದು ಎಂದದ್ದಕ್ಕೆ ಅವನು ಆಪನ್ನು ನಂಬಿದ್ದು. ಈಗ ಆಪಿನ ಮೇಲಿನ ನಂಬಿಕೆ ಬಿಡಿಸಬೇಕಾದರೆ ಅವಳ ಮೇಲಿನದನ್ನೇ ಬಿಡಿಸಬೇಕು. ಆ ನರ್ಸ್ ಬಾಯಿಯನ್ನು ಅವನ ಮುಂದೆ ತಾನೇ ಕೆಳಗೆ ಹಾಕಬೇಕು. ಆಮೇಲೆ ಯಾರ ಮಾತಿನ ಮೇಲೆ ಅವನು ನೀರು ಕುಡಿಯುತ್ತಾನೆ? ಅವಳು ಅವನ ಮುಂದೆ ನೆಲದ ಮೇಲೆ, ಬಟ್ಟೆಯ ಚೂರುಗಳ ನಡುವೆ ಕೂತಳು.

“ನಾನು ನೋಡಲಿಲ್ಲ ಪಕೀರಾಕ. ಅಪ್‌ಡೇಟ್ ಅಂದದ್ದು ಸುಳ್ಳು. ಮೊದಲಿಂದಲೂ ಅದು ತಪ್ಪೇ ಇತ್ತು. ಸಕ್ಕರೆ ಇಷ್ಟು ಇಳಿದರೆ ಎಂತ ಹೇಳ್ತದೆ ಅಂತ ನಾನು ನೋಡದೆಯೇ ಐದು ಕೊಟ್ಟೆ. ಮಂಗಳವಾರದ ಡಾಕ್ಟರ ಬಾಯಿಗೆ ಬೀಳುದು ಬೇಡ ಅಂತ ಇಬ್ಬರೂ ಮಾತಾಡಿಕೊಂಡು ಕೊಟ್ಟೆವು. ಇವತ್ತು ನಿಮ್ಮ ಮೆಸೇಜೂ ನೋಡಲಿಲ್ಲ. ನೋಡದೆ ಓಕೆ ಹಾಕಿದೆ.”

ಬೆವರು ಪಕೀರಬ್ಬನ ಗಡ್ಡದಿಂದ ಇಳಿದು ಬಿಳಿ ಬಟ್ಟೆಯ ಮೇಲೆ ಬಿತ್ತು; ಅವನು ಅದನ್ನು ಒರೆಸಲೂ ಇಲ್ಲ. “ನೋಡದೆ,” ಎಂದ. ಆಮೇಲೆ, “ಹಾಗಾದ್ರೆ ಈಗ ಹೇಳ್ತಾ ಇರುದು? ಇದು ನೋಡಿ ಹೇಳ್ತಾ ಇದ್ದೀರಾ?”

ಡಾಕ್ಟರು ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿದ್ದಕ್ಕಿಂತ, ಮೂರು ಸಲ ಪರೀಕ್ಷೆಯಲ್ಲಿ ಬಿದ್ದದ್ದಕ್ಕಿಂತ ಇದು ಹೆಚ್ಚು ಸುಟ್ಟಿತು. ಕೈಗೆ ಸಿಕ್ಕಿದ್ದು ಅವನ ಕತ್ತಿನ ಟೇಪು. ಅದನ್ನು ಎಳೆದು ಬಿಡಿಸಿ ಮೂವತ್ತೆಂಟರ ಮೇಲೆ ಹೆಬ್ಬೆರಳಿಟ್ಟು ಅವನ ಕಣ್ಣ ಹತ್ತಿರ ಹಿಡಿದಳು. “ಇದು ಎಷ್ಟು?”

“ಮೂವತ್ತೆಂಟು. ಇಂಚು. ದೊಡ್ಡವರ ಎದೆ.”

ಟೇಪನ್ನು ತಿರುವಿದಳು. ಹಿಂದಿನ ಬದಿಯ ಸೆಂಟಿಮೀಟರಿನ ಗೆರೆಗಳಲ್ಲಿ ಮೂವತ್ತೆಂಟನ್ನು ಹುಡುಕಿ ಅಲ್ಲಿ ಬೆರಳಿಟ್ಟಳು. “ಇದು?”

“ಅದೂ ಮೂವತ್ತೆಂಟು. ಹಾಲು ಕುಡಿಯುವ ಮಗುವಿಂದು.”

“ನಿಮ್ಮ ಮೀಟರ್ ಊರಿಂದು, ಒಂದು ಬದಿಯಲ್ಲಿ ಅಳೆದಿದೆ. ಆಪ್ ಅದನ್ನು ಇನ್ನೊಂದು ಬದಿಯಲ್ಲಿ ಓದಿದೆ. ನಿಮ್ಮ ಸಕ್ಕರೆ ಮಗುವಿನ ಅಳತೆಗೆ ಇಳಿದಿದೆ ಪಕೀರಾಕ. ನನ್ನನ್ನು ನಂಬಬೇಡಿ. ಟೇಪನ್ನು ನೋಡಿ.”

ಅವನು ಟೇಪನ್ನು ಅವಳ ಕೈಯಿಂದ ತೆಗೆದುಕೊಂಡ. ಈ ಬದಿ ನೋಡಿದ, ತಿರುವಿ ಆ ಬದಿ ನೋಡಿದ, ಮತ್ತೆ ತಿರುವಿದ. ಬೆರಳುಗಳು ನಡುಗುತ್ತಿದ್ದರೂ ಆ ತಿರುವುವಿಕೆಯಲ್ಲಿ ಮೂವತ್ತಾರು ವರ್ಷದ ಅಭ್ಯಾಸವಿತ್ತು. “ಬಂದ ಹೊಸದರಲ್ಲಿ,” ಎಂದ, ಪ್ರತಿ ಮಾತನ್ನೂ ಎಲ್ಲಿಂದಲೋ ಎಳೆದು ತರುವ ಹಾಗೆ, “ಒಬ್ಬ ಅರಬಿಯ ತೋಬು. ಅವ ಸೆಂಟಿಯಲ್ಲಿ ಬರೆದು ಕೊಟ್ಟ ಕುತ್ತಿಗೆಯನ್ನು ಇಂಚಲ್ಲಿ ಕತ್ತರಿಸಿದೆ. ಬಟ್ಟೆ ಪೂರ ಹಾಳು.” ಅವನ ಕಣ್ಣು ಗೋಡೆಯ ಗಡಿಯಾರಕ್ಕೆ ಹೋಯಿತು. ಹದಿನೇಳು ನಿಮಿಷ. ಹೊರಗೆ ಅಂಗಳದಲ್ಲಿ ಜನ ಇನ್ನೂ ಪೊಟ್ಟಣಗಳ ಮುಂದೆ ಕೈ ಕಟ್ಟಿ ಕೂತಿದ್ದರು. ಪಕೀರಬ್ಬ ಲೋಟಕ್ಕೆ ಕೈ ಚಾಚಿದ. ಬಾಯಿಯ ಹತ್ತಿರ ತಂದು ನಿಲ್ಲಿಸಿದ. “ಆ ಕಡೆ ತಿರುಗಿ ಬಾಯಿ.”

ಅವಳು ಗೋಡೆಯ ಕಡೆ ತಿರುಗಿದಳು. ಅಲ್ಲಿ ಈದಿಗೆ ಸಿದ್ಧವಾದ ತೋಬುಗಳು ಒಂದರ ಪಕ್ಕ ಒಂದು ನೇತಾಡುತ್ತಿದ್ದವು. ಬೆನ್ನ ಹಿಂದೆ ಗುಟುಕಿನ ಶಬ್ದ ಕೇಳಿತು, ಒಂದು, ಎರಡು, ಆಮೇಲೆ ನಿಲ್ಲದೆ. ಲೋಟ ಮೇಜಿಗೆ ತಾಗಿತು. ಅದಾದ ಮೇಲೆ ಕೇಳಿದ ಶಬ್ದ ಅಳುವಿನದು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ತಿರುಗಲು ಧೈರ್ಯವಾಗಲಿಲ್ಲ. ಗಂಟೆ ನೋಡಿ ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು, ಐದೂ ಇಪ್ಪತ್ತೊಂದು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ವಾರ್ಡಿನಲ್ಲಿ ಕಲಿತದ್ದು ಇಷ್ಟಾದರೂ ಉಳಿದಿತ್ತು.

ಐದಾರು ನಿಮಿಷಕ್ಕೆ ಅವನ ಮಾತು ಸ್ಪಷ್ಟವಾಗತೊಡಗಿತು. ಸ್ಪಷ್ಟವಾದ ಕೂಡಲೇ ಹೇಳಿದ್ದು, “ಮೇಲಿನ ರೂಮಿನಲ್ಲಿ ಆರು ಜನರ ಫೋನಿಗೆ ನಾನೇ ಹಾಕಿಸಿದ್ದೇನೆ ಈ ಎಲೆ. ಸಾಬಿತನಿಗೂ. ಅವ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟು, ಅವನೂ ಇನ್ಸುಲಿನವ, ಅವನೂ ನೋಂಬು. ನಮ್ಮ ನರ್ಸ್ ಬಾಯಿ ನೋಡಿ ಪಾಸ್ ಮಾಡಿದ್ದು ಅಂತ ಹೇಳಿ ಹಾಕಿಸಿದ್ದು.” ಅವನು ಖಾಲಿ ಲೋಟವನ್ನು ಪಕ್ಕಕ್ಕೆ ಸರಿಸಿದ. “ಅವರಿಗೆಲ್ಲ ನಾನು ಹೇಳ್ತೇನೆ. ಗುರ್ತಿಲ್ಲದವರಿಗೆ ಯಾರು ಹೇಳುದು?”

ಅವಳು ಫೋನು ತೆಗೆದಳು. ವೆಂಕಟರಾಮುವಿನ ಹನ್ನೊಂದು ಮೆಸೇಜುಗಳಿದ್ದವು. ಮೊದಲಿನವು ಪಕೀರಬ್ಬನ ಬಗ್ಗೆ, ಕೊನೆಯ ಎರಡು ರಿನ್ಯೂವಲಿನ ಬಗ್ಗೆ. ಅವುಗಳನ್ನು ದಾಟಿ ಅಲಿಯ ನಂಬರನ್ನು ಒತ್ತಿದಳು. “ಯಾರಿಗೆ?” ಎಂದ ಪಕೀರಬ್ಬ. “ನಮ್ಮ ದೊಡ್ಡವರಿಗೆ,” ಎಂದಳು. “ನನ್ನ ಹತ್ರ ಹೇಳಿದ ಹಾಗೇ ಹೇಳಿ. ಮೊದ್ಲು ಹೇಳಿದ ಹಾಗೆ ಅಲ್ಲ.”

ಅಲಿ ಕಾರಿನಲ್ಲಿದ್ದ. ಪಾಲಿ, ಇಫ್ತಾರ್ ಆದ ಮೇಲೆ ಮಾತಾಡೋಣ, ಯಲ್ಲಾ, ಎಂದ ಇಂಗ್ಲಿಷಿನಲ್ಲಿ. ಆಮೇಲೆ ಆಗುವುದಿಲ್ಲ, ಎಂದಳು. ಮೂವತ್ತೆಂಟರ ವಿಷಯ ಹೇಳಿದಳು. ತಾನು ನೋಡದೆ ಅಂಕ ಕೊಟ್ಟದ್ದನ್ನು ಹೇಳಿದಳು. ಆಪ್ ಇನ್ನೂ ಜನರ ಕೈಯಲ್ಲಿದೆ, ಕಂಪನಿಗೆ ಈ ರಾತ್ರಿಯೇ ಹೇಳಿ ನಿಲ್ಲಿಸಬೇಕು, ಎಂದಳು. ಆ ಕಡೆ ಕಾರು ನಿಂತಿತು. ಆದರೆ ಎರಡೂ ಅಂಕಗಳು ಒಂದೇ ಇವೆಯಲ್ಲ, ನೀವಿಬ್ಬರೂ ಬೇರೆ ಬೇರೆ ಕೂತು ನೋಡಿದ್ದಲ್ಲವೇ, ಎಂದು ಅಲಿ ಕೇಳಿದ. ಅವಳ ಕಣ್ಣ ಮುಂದೆ ಕೋಡುಬಳೆಯ ಡಬ್ಬಿ ಬಂತು, ಲಿಫ್ಟಿನ ಬಾಗಿಲು ತಡೆದ ಕೈ ಬಂತು. ನನ್ನದು ಮಾತ್ರ ನನಗೆ ಗೊತ್ತು, ಎಂದುಬಿಟ್ಟರೆ ಒಬ್ಬನಾದರೂ ಉಳಿಯುತ್ತಾನೆ. ಇಂಗ್ಲಿಷು ಅಷ್ಟಾಗಿ ಬಾರದ ಪಕೀರಬ್ಬ ಅವಳ ತುಟಿಗಳನ್ನೇ ನೋಡುತ್ತಿದ್ದ. ಇಲ್ಲ, ಎಂದಳು. ಒಟ್ಟಿಗೇ ಕೂತಿದ್ದೆವು. ಎಲ್ಲ ಆಪ್‌ಗಳಿಗೂ. ರಿಪೋರ್ಟಿನಲ್ಲಿ ನನ್ನ ಹೆಸರು ಪೂರ್ತಿ ಬರೆಯಿರಿ, ಪಾಲಿ ಅಲ್ಲ, ಅಪೊಲೋನಿಯಾ. “ಖಲಾಸ್,” ಎಂದು ಅಲಿ ಫೋನಿಟ್ಟ. ಮುಗಿದದ್ದು ಆಪೋ ಅವಳ ಕೆಲಸವೋ ವೆಂಕಟರಾಮುವಿನ ಮನೆಯೋ ಗೊತ್ತಾಗಲಿಲ್ಲ. ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ, ಬರೀ ಹೆದರಿಕೆಯಾಯಿತು.

“ಹೇಳಿದ್ರಾ?”

“ಹೇಳಿದೆ.”

ಬಾಂಗ್ ಕೇಳಿಸಿತು. ಗಲ್ಲಿಯಲ್ಲೆಲ್ಲ ಒಮ್ಮೆಲೇ ಪೊಟ್ಟಣ ಬಿಚ್ಚುವ ಸರಸರ ಸದ್ದು, ನೀರಿನ ಬಾಟಲಿಗಳ ಸದ್ದು. ಪಕೀರಬ್ಬ ತಟ್ಟೆಯಲ್ಲಿದ್ದ ಮೂರು ಖರ್ಜೂರಗಳನ್ನು ನೋಡಿದ, ಮುಟ್ಟಲಿಲ್ಲ. ತಟ್ಟೆಯನ್ನು ಅವಳತ್ತ ದೂಡಿದ. “ನೀವು ತಿನ್ನಿ. ನಿಮ್ಮ ಕೈಯೂ ನಡುಗ್ತಾ ಉಂಟು.” ಅವನ ಮುಖದಲ್ಲಿ ಕ್ಷಮೆಯೇನೂ ಇರಲಿಲ್ಲ. ಅವಳು ಒಂದನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಅವನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಒರೆಸಿ, ಚುಚ್ಚಿ, ರಕ್ತದ ಹನಿಯನ್ನು ಪಟ್ಟಿಗೆ ತಾಗಿಸಿದಳು. ಪರವಾನಗಿ ಇಲ್ಲದ ಕೈ, ಆದರೂ ನಡುಕ ಅಷ್ಟು ಹೊತ್ತು ನಿಂತಿತ್ತು. ಮೀಟರು ಐದೆಣಿಸುವಷ್ಟು ಹೊತ್ತು ತೆಗೆದುಕೊಂಡು ಎಪ್ಪತ್ತೆರಡು ಎಂದು ತೋರಿಸಿತು. ಅಪಾಯ ದಾಟಿತ್ತು.

ಬರೆದಿಡಲು ಕಾಗದ ಸಿಗಲಿಲ್ಲ. ಮೇಜಿನ ಮೇಲೆ ಬಟ್ಟೆಗೆ ಗುರುತು ಹಾಕುವ ನೀಲಿ ಚಾಕಿನ ತುಂಡಿತ್ತು, ಕೆಳಗೆ ತೋಬು ಮಡಿಸುವ ರಟ್ಟುಗಳಿದ್ದವು. ಒಂದು ರಟ್ಟನ್ನು ತೊಡೆಯ ಮೇಲಿಟ್ಟು ದೊಡ್ಡದಾಗಿ ಎಪ್ಪತ್ತೆರಡು ಎಂದು ಬರೆದು, ಗಂಟೆಯನ್ನೂ ಬರೆದು, ಅವನ ಕಡೆ ತಿರುಗಿಸಿ ತೋರಿಸಿದಳು. ಪಕೀರಬ್ಬ ಟೇಪನ್ನು ಮತ್ತೆ ಕತ್ತಿಗೆ ಹಾಕಿಕೊಳ್ಳುತ್ತ ರಟ್ಟನ್ನು ಓದಿದ. ತಲೆಯಾಡಿಸಲಿಲ್ಲ.

“ಬರೀ ನಂಬರ್ ಬರೀಬೇಡಿ ಬಾಯಿ,” ಎಂದ. “ಯಾವ ಬದಿ ಅಂತಲೂ ಬರೀರಿ.”